ಮಳೆ ಬಾರದ ಊರಿನ ಕಾರಿಗೆ ದಂಬೆ

ಖಲೀಫಾ ಸಿಟಿ, ಅಬುಧಾಬಿ
20 ಫೆಬ್ರವರಿ 2004, ಶುಕ್ರವಾರ

ಪ್ರೀತಿಯ ತಮ್ಮ ಕಜೆತಾನ್,

ಮೊದಲು ಆರೋಗ್ಯದ ವಿಷಯ. ಹೇಗಿದ್ದೀ? ಸಣ್ಣವನಿರುವಾಗ ಮಳೆಗಾಲ ಬಂತೆಂದರೆ ನಿನ್ನ ಎಡಗಿವಿ ಸೋರುತ್ತಿತ್ತು. ಈ ದೇಶದಲ್ಲಿ ಮಳೆಯಿಲ್ಲ, ಕಿವಿ ಒಣಗಿರಬೇಕು. ಆದರೆ ತಗಡು ಬಡಿದು ಬಡಿದು ಕೇಳುವುದೇ ನಿಂತಿರಲೂಬಹುದು, ಪಪ್ಪನಿಗೂ ಹಾಗೇ ಆಗಿತ್ತು. ನಿನ್ನ ಹೆಂಡತಿ ಖೈರುನ್ನಿಸ ಹೇಗಿದ್ದಾಳೆ? ನಿನಗೊಬ್ಬಳು ಮಗಳಿದ್ದಾಳೆಂದು ತಿಳಿಯಿತು. ಅವಳ ಹೆಸರು ನನಗೆ ಗೊತ್ತಿಲ್ಲ. ಸ್ವಂತ ತಮ್ಮನ ಮಗಳ ಹೆಸರು ಗೊತ್ತಿಲ್ಲ ಎಂದು ಬರೆಯುವಾಗ ಪೆನ್ನು ಎಸೆಯುವಷ್ಟು ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡ. ನನಗೆ ಅರವತ್ತೊಂದು ತುಂಬಿತು. ಸಕ್ಕರೆ ಕಾಯಿಲೆ ಉಂಟು, ಬಲಗಾಲಿನ ಮಂಡಿ ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಉಳಿದದ್ದೆಲ್ಲ, ನಾಲಿಗೆಯೂ ಸೇರಿ, ಮೊದಲಿನಂತೆಯೇ ಇದೆ.

ಕೊಂಕಣಿಯಲ್ಲೇ ಬರೆಯಬಹುದಿತ್ತು. ಆದರೆ ಕೊಂಕಣಿ ನನಗೆ ಬಾಯಲ್ಲಿ ಬೈಯಲಿಕ್ಕೆ ಸರಾಗ, ಕಾಗದಕ್ಕೆ ಬರುವುದಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಮಾಸ್ಟ್ರು ಬೆತ್ತ ಹಿಡಿದು ಕಲಿಸಿದ್ದು ಕನ್ನಡ ಅಕ್ಷರ. ನೀನು ದುಬೈಗೆ ಬಂದ ಮೇಲೆ ನಮ್ಮನ್ನು ಹೆತ್ತ ಮಾಯ್ ಹೇಳಿ ನಾನು ಬರೆದ ಕಾಗದಗಳೂ ಕನ್ನಡದಲ್ಲೇ ಇದ್ದವಲ್ಲ. ಮಾಯ್ ಒಲೆಯ ಮುಂದೆ ಕೂತು ಹೇಳುವುದು, ನಾನು ಅಕ್ಕಿಯ ಡಬ್ಬಿಯ ಮುಚ್ಚಳದ ಮೇಲೆ ಕಾಗದ ಇಟ್ಟು ಬರೆಯುವುದು. ನಿನ್ನ ಮದುವೆಯ ಸುದ್ದಿಗೆ ಉತ್ತರವಾಗಿ ಬಂದ ಎಂಬತ್ತನಾಲ್ಕರ ಆ ಕಾಗದ ಮುಟ್ಟಿದ ಮೇಲೆ ನೀನು ಬರೆಯುವುದನ್ನೇ ನಿಲ್ಲಿಸಿಬಿಟ್ಟೆ. ಒಂದು ಕಾಗದಕ್ಕೆ ಇಪ್ಪತ್ತು ವರ್ಷದ ಮುನಿಸಾ? ಬೈಗಳು ತಿಂದವರು ಲೋಕದಲ್ಲಿ ನೀನೊಬ್ಬನೇ ಅಲ್ಲ. ನನ್ನ ಹತ್ತಿರ ಎಷ್ಟು ತಿಂದಿದ್ದೀ, ಆಗೆಲ್ಲ ಸಂಜೆಯೊಳಗೆ ಊಟಕ್ಕೆ ಬರುತ್ತಿದ್ದೆ.

ಇನ್ನೊಂದು ಸುದ್ದಿ. ನಿನಗೆ ಇಷ್ಟರಲ್ಲಿ ಗೊತ್ತಾಗಿದೆಯೋ ಇಲ್ಲವೋ. ಸುತ್ತಿ ಬಳಸಿ ಹೇಳಲಿಕ್ಕೆ ನನಗೆ ಬರುವುದಿಲ್ಲ. ಮಾಯ್ ಇಲ್ಲ. ತೊಂಬತ್ತೊಂದರ ಆಗಸ್ಟಿನಲ್ಲಿ ಹೋದಳು. ಎರಡು ದಿನ ಜ್ವರ, ಮೂರನೇ ದಿನ ಬೆಳಿಗ್ಗೆ ಮಾತು ನಿಂತಿತು. ನಿನಗೆ ಎಲ್ಲಿಗೆ ತಂತಿ ಕೊಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮರುವರ್ಷವೇ ನಾನು ಈ ದೇಶಕ್ಕೆ ಅಡಿಗೆಯವಳಾಗಿ ಬಂದೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಎಂತ ಗಲ್ಫು ಎಂದು ಊರವರು ನಕ್ಕರು. ದುಡಿಯಲಿಕ್ಕೆ ಎಂದು ಹೇಳಿದೆ. ನಿನ್ನನ್ನು ಹುಡುಕಲಿಕ್ಕೆ ಎಂದು ಹೇಳಿದ್ದರೆ ಇನ್ನೂ ನಗುತ್ತಿದ್ದರು. ಹನ್ನೆರಡು ವರ್ಷ ಪ್ರತಿ ಶುಕ್ರವಾರ, ರಜೆಯ ದಿನ, ಪಾದ್ರಿಯ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಮಂಗಳೂರಿನವರ ಮುಖ ಕಂಡಲ್ಲೆಲ್ಲ ಕೇಳಿದ್ದೇನೆ, ಪಡೀಲಿನ ಟಿಂಕರ್ ಕಜೆತಾನ್, ಎಡಗೈಯವನು, ಗೊತ್ತುಂಟಾ ಎಂದು. ಗೊತ್ತಿಲ್ಲ, ಗೊತ್ತಿಲ್ಲ. ಹುಡುಕುವ ಹೆಸರೇ ತಪ್ಪು ಎಂದು ನನಗೆ ಯಾರು ಹೇಳಬೇಕಿತ್ತು?

ಕೊನೆಗೆ ನಿನ್ನನ್ನು ಹುಡುಕಿಕೊಟ್ಟದ್ದು ಮನುಷ್ಯರಲ್ಲ, ಒಂದು ಕಾರು. ಅದನ್ನು ಹೇಳುತ್ತೇನೆ, ತಾಳ್ಮೆಯಿಂದ ಓದು. ನಾನಿರುವ ಮನೆಯ ಹಿರಿಮಗ ಮೊಹಮ್ಮದ್. ನಾನು ಬಂದಾಗ ಹದಿನಾಲ್ಕರ ಹುಡುಗ, ಈಗ ಗಡ್ಡ ಬಿಟ್ಟಿದ್ದಾನೆ, ಆದರೂ ನನ್ನನ್ನು ಲೂಲೂ ಎಂದೇ ಕರೆಯುವುದು. ಒಳ್ಳೆಯವನು, ಹಠಮಾರಿ. ಹೋದ ವರ್ಷ ದುಬೈಯ ದೇರಾದ ಒಬ್ಬ ದಲ್ಲಾಳಿಯಿಂದ ಹಳೇ ಕಾರೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದ. 1934ರ ಫೋರ್ಡ್. ಅದಕ್ಕೆ ಹಾಟ್ ರಾಡ್ ಎನ್ನುತ್ತಾರಂತೆ. ಒಳ್ಳೆಯ ಕಾರಿನ ಕಿಟಕಿಯ ಕಂಬಗಳನ್ನು ನಾಲ್ಕು ಇಂಚು ಕತ್ತರಿಸಿ, ಚಾವಣಿಯ ಮಾಡನ್ನು ತಗ್ಗಿಸಿ ಮತ್ತೆ ಬೆಸೆದು, ಹೊಟ್ಟೆಗೆ ಬೇರೆ ಗಾಡಿಯ ದೊಡ್ಡ ಎಂಜಿನ್ ತುರುಕಿದರೆ ಅದು ಹಾಟ್ ರಾಡ್. ನಾನು ನೋಡಿದ ಕೂಡಲೇ ಹೇಳಿದೆ, ಇದು ಕುತ್ತಿಗೆ ಸೆಟೆದುಕೊಂಡ ಕಪ್ಪೆಯ ಹಾಗಿದೆ ಎಂದು. ಮೊಹಮ್ಮದ್ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ದಲ್ಲಾಳಿ ಒಂದು ಕಾಗದವನ್ನೂ ಕೊಟ್ಟಿದ್ದ. 1953ರಲ್ಲಿ ಕ್ಯಾಲಿಫೋರ್ನಿಯಾದ ಯಾವನೋ ದೊಡ್ಡ ಮೇಸ್ತ್ರಿ ಈ ಕಾರನ್ನು ಕಟ್ಟಿದ್ದು ಎಂದು ಅದರಲ್ಲಿತ್ತು. ದುಬೈಯಲ್ಲಿ ಹಳೇ ಕಾರುಗಳ ಒಂದು ಸಂಘವಿದೆ. ಅವರ ಪ್ರದರ್ಶನದಲ್ಲಿ ಇಡಬೇಕಾದರೆ ಕಾರಿನ ಚರಿತ್ರೆ ಬೇಕು, ಯಾರು ಕಟ್ಟಿದ್ದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು. ನಮ್ಮೂರಲ್ಲಿ ಹೆಣ್ಣು ನೋಡುವಾಗ ಮೂರು ತಲೆಮಾರು ಕೇಳುವುದಿಲ್ಲವಾ, ಹಾಗೆ. ಮೊಹಮ್ಮದ್ ಒಬ್ಬ ಬಿಳಿಯನನ್ನು ಕರೆಸಿದ, ಇಂಥ ಕಾರುಗಳ ಜಾತಕ ನೋಡುವವನು. ಅವನು ಅಡಿಯಲ್ಲಿ ಮಲಗಿ ಚಾಸಿಯ ನಂಬರು ಉಜ್ಜಿ ನೋಡಿದ. ಕಾಗದದ ನಂಬರಿಗೂ ಅದಕ್ಕೂ ತಾಳೆಯಿಲ್ಲ. ಮಾಡಿನ ಹತ್ತಿರ ಪೇಂಟು ಗುಳ್ಳೆ ಎದ್ದಿತ್ತು, ಅಲ್ಲಿ ಬಿಚ್ಚಿ ನೋಡೋಣ ಎಂದ. ಮನೆಯ ಕಾರ್‌ಶೆಡ್ಡಿನಲ್ಲೇ ಇಬ್ಬರು ಕೆಲಸದವರು ಗ್ಯಾಸ್ ಹಚ್ಚಿ ಜೋಡಣೆಯನ್ನು ಕಾಯಿಸಲಿಕ್ಕೆ ಶುರು ಮಾಡಿದರು.

ನಾನು ಅಡಿಗೆಮನೆಯಲ್ಲಿ ಮಾಂಸದ ಮಚ್‌ಬೂಸ್ ಅನ್ನಕ್ಕೆ ನೀರುಳ್ಳಿ ಹುರಿಯುತ್ತಿದ್ದೆ. ಕಿಟಕಿಯಿಂದ ಒಂದು ವಾಸನೆ ಬಂತು, ಕಜೆತಾನ್. ಮೊದಲು ನೀರುಳ್ಳಿ ಸೀದಿತೆಂದು ಒಲೆ ಆರಿಸಿದೆ. ಅದಲ್ಲ. ಗಂಟಲಿಗೆ ಹೊಡೆಯುವ ಖಾರದ ಹೊಗೆ, ಪಡೀಲಿನ ಗೇರುಬೀಜದ ಫ್ಯಾಕ್ಟರಿಯ ಹಿಂದೆ ಹಾದು ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆವಲ್ಲ, ಅದೇ. ಗೇರು ಸಿಪ್ಪೆಯ ಎಣ್ಣೆ. ಅಬುಧಾಬಿಯಲ್ಲಿ. ಮಂಡಿನೋವು ಎಲ್ಲಿ ಹೋಯಿತೋ, ಸೌಟು ಕೈಯಲ್ಲೇ ಹಿಡಿದುಕೊಂಡು ಓಡಿದೆ. ನಿಲ್ಲಿಸಿ ಎಂದು ಕಿರುಚಿದೆನಂತೆ, ಯಾವ ಭಾಷೆಯಲ್ಲಿ ಎಂದು ನನಗೆ ನೆನಪಿಲ್ಲ, ಆದರೆ ಅವರು ನಿಲ್ಲಿಸಿದರು. ಬಿಸಿ ಆರುವವರೆಗೂ ಕಾಯದೆ ತಗಡಿನ ಮಡಿಕೆಯೊಳಗೆ ಬೆರಳು ಹಾಕಿ ಎಳೆದೆ. ಕಪ್ಪಗಾದ ತೆಂಗಿನನಾರಿನ ಹುರಿ ಹೊರಗೆ ಬಂತು.

ಪಪ್ಪ ಬಸ್ಸಿಗೆ ಬಾಡಿ ಕಟ್ಟುವಾಗ ಹಾಗೇ ಮಾಡುತ್ತಿದ್ದದ್ದು. ತಗಡನ್ನು ಮೂರು ಮಡಿಕೆ ಮಡಚಿ, ನಡುವೆ ಗೇರೆಣ್ಣೆಯಲ್ಲಿ ನೆನೆಸಿದ ನಾರಿನ ಹುರಿ ಇಟ್ಟು ಬಡಿಯುವುದು. ನೀರೂ ಇಳಿಯುವುದಿಲ್ಲ, ಮಣ್ಣುರಸ್ತೆಯಲ್ಲಿ ಬಸ್ಸು ಗಡಗಡ ಎನ್ನುವುದೂ ಇಲ್ಲ. ಕಿಟಕಿಯ ಕೆಳಗೆ ಒಳಗಿನಿಂದ ಒಂದು ದಂಬೆ, ತಗಡಿನ ಸಣ್ಣ ಕಾಲುವೆ, ಅದರ ಹಿಂತುದಿಯಲ್ಲಿ ಕಿರುಬೆರಳಿನಷ್ಟು ತೂತು, ನೀರು ಹರಿದು ಹೋಗಲಿಕ್ಕೆ. ನೀರಿಗೆ ದಾರಿ ಕೊಡದೆ ಜೋಡಣೆ ಮುಚ್ಚಬೇಡ ಎಂದು ಎಷ್ಟು ಸಲ ಹೇಳುತ್ತಿದ್ದ. ಉಳಿದ ಶೆಡ್ಡುಗಳವರು ಡಾಂಬರು ಬಳಿದು ಕೈ ತೊಳೆಯುತ್ತಿದ್ದರು, ಈ ಹುಚ್ಚು ಪಪ್ಪನಿಗೆ ಮಾತ್ರ. ಆ ಕಾರಿನಲ್ಲಿಯೂ ದಂಬೆ ಇತ್ತು. ಎರಡೂ ಬದಿಗೆ ಇತ್ತು. ಬಿಳಿಯ ಬಗ್ಗಿ ನೋಡಿ ತೂತಿಗೆ ಕಡ್ಡಿ ಹಾಕಿದ. ಒಂದು ಬೊಗಸೆ ಮರಳು ಸುರಿಯಿತು. ಅವನಿಗೆ ನಗು ತಡೆಯಲಿಲ್ಲ. ಯಾವ ಮೂರ್ಖ ಈ ಮರುಭೂಮಿಯಲ್ಲಿ ಮಳೆನೀರಿಗೆ ದಂಬೆ ಕಟ್ಟಿದ್ದಾನೆ, ನೀರು ಹೋಗುವುದಿರಲಿ, ಎಷ್ಟೋ ವರ್ಷ ಮರಳು ಒಳಗೆ ಹೋಗಿ ತಗಡನ್ನೇ ತಿಂದಿದೆ ಎಂದು ಮೊಹಮ್ಮದನಿಗೆ ವಿವರಿಸಿದ. ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ, ಆದರೆ ಮೂರ್ಖ ಎಂಬುದು ಯಾವ ಭಾಷೆಯಲ್ಲಿ ಹೇಳಿದರೂ ಗೊತ್ತಾಗುತ್ತದೆ.

“ಮೂರ್ಖ ಹೌದು,” ಎಂದೆ. “ಆದರೆ ಅವನು ನನ್ನ ತಮ್ಮ. ಹೇಳುವುದಿದ್ದರೆ ನಾನು ಹೇಳುತ್ತೇನೆ, ನೀನು ಬೇಡ.”

ಮೊಹಮ್ಮದ್ ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದನೋ ಇಲ್ಲವೋ. ಲೂಲೂ, ತಲೆ ಸರಿಯಿದೆಯಾ ಎಂದು ನನ್ನನ್ನೇ ಕೇಳಿದ. ಹುರಿಯ, ದಂಬೆಯ ಕಥೆ ಹೇಳಿದರೆ, ಪಪ್ಪನ ಶೆಡ್ಡಿನಲ್ಲಿ ಕಲಿತವರು ಬೇರೆಯವರೂ ಇರಬಹುದಲ್ಲ ಎಂದ. ನಾನು ಅವನ ಕೈ ಹಿಡಿದು ಮಡಿಕೆಯ ಮೇಲೆ ಸವರಿಸಿದೆ. ಬಲಗೈಯವರು ಬಡಿದರೆ ಸುತ್ತಿಗೆಯ ಗುರುತು ಒಂದು ಕಡೆ ಮಲಗುತ್ತದೆ, ಎಡಗೈಯವನದ್ದು ಅದರ ವಿರುದ್ಧ. ನನಗೆ ಅದನ್ನು ಕಣ್ಣಿಂದ ನೋಡಬೇಕಾಗಿಯೇ ಇಲ್ಲ. ನಾಲ್ಕನೇ ಕ್ಲಾಸು ಬಿಡಿಸಿ ಪಪ್ಪ ನನ್ನನ್ನು ತಗಡಿನ ಹಿಂದೆ ಕಬ್ಬಿಣದ ಗುಂಡು ಒತ್ತಿ ಹಿಡಿಯಲಿಕ್ಕೆ ನಿಲ್ಲಿಸಿದ. ಮೊದಲು ಅವನ ಪೆಟ್ಟಿಗೆ ಹಿಡಿದೆ, ಆಮೇಲೆ ನಿನ್ನ ಪೆಟ್ಟಿಗೆ, ಹತ್ತು ವರ್ಷ. ನಿನ್ನ ಪೆಟ್ಟು ಎರಡು ಸಣ್ಣದು, ಒಂದು ಜೋರು. ತಗಡಿನ ಆಚೆ ನೀನು ಕಾಣುತ್ತಿರಲಿಲ್ಲ, ನಿನಗೆ ಹಸಿವಾಗಿದೆಯಾ ಸಿಟ್ಟು ಬಂದಿದೆಯಾ ಎಂದು ನನ್ನ ಅಂಗೈಗೆ ತಿಳಿಯುತ್ತಿತ್ತು. ಆ ಕಾರಿನ ಮಾಡಿನ ಮೇಲೂ ಹಾಗೇ ಇದೆ, ಎರಡು ಸಣ್ಣದು, ಒಂದು ಜೋರು, ಮುಂಬದಿಯಿಂದ ಹಿಂಬದಿಯವರೆಗೆ. ಅದನ್ನು ಸವರುತ್ತಾ ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ. ಆ ದಿನ ಮಚ್‌ಬೂಸ್ ಆಗಲೇ ಇಲ್ಲ, ಹೊರಗಿನಿಂದ ಊಟ ತರಿಸಿದರು.

ಮೊಹಮ್ಮದ್ ಎರಡು ದಿನ ಮುಖ ಊದಿಸಿಕೊಂಡಿದ್ದ. ಅಮೆರಿಕದ ಮೇಸ್ತ್ರಿಯ ಕಾರೆಂದು ಗೆಳೆಯರಿಗೆಲ್ಲ ಹೇಳಿಕೊಂಡಿದ್ದನಲ್ಲ, ಅದರ ಮಾಡು ಅಡಿಗೆಯವಳ ತಮ್ಮ ಬಡಿದದ್ದು ಎಂದರೆ ಯಾರಿಗಾದರೂ ಸಂಕಟವೇ. ಮೂರನೇ ದಿನ ಬೆಳಿಗ್ಗೆ ಬಂದು, ಯಲ್ಲಾ ಲೂಲೂ, ಹೊರಡು ಎಂದ. ದೇರಾಕ್ಕೆ ದಲ್ಲಾಳಿಯ ಹತ್ತಿರ ಹೋದೆವು. ಅವನು ಮಾರಿ ಆಯಿತು, ಖಲಾಸ್, ನನಗೇನೂ ಗೊತ್ತಿಲ್ಲ ಎಂದು ಆಕಾಶ ನೋಡಿದ. ನಾನು ಅವನ ಅಂಗಡಿಯ ಬಾಗಿಲಲ್ಲೇ ಕುರ್ಚಿ ಹಾಕಿ ಕೂತೆ. ಮಂಡಿನೋವಿನ ಹೆಂಗಸು, ಎಬ್ಬಿಸಲಿಕ್ಕೂ ಆಗುವುದಿಲ್ಲ, ಬಂದ ಗಿರಾಕಿಗಳಿಗೆಲ್ಲ ನಾನೇ ಕಾರಿನ ಕಥೆ ಹೇಳುತ್ತೇನೆ. ಒಂದು ಗಂಟೆಯಲ್ಲಿ ಹಳೇ ಮುಲ್ಕಿಯಾ ಹೊರಗೆ ಬಂತು, ಇಲ್ಲಿ ಕಾರಿನ ರಿಜಿಸ್ಟ್ರಿ ಕಾರ್ಡಿಗೆ ಹಾಗೆನ್ನುತ್ತಾರಲ್ಲ, ಅದು. 1979ರದ್ದು, ಎಣ್ಣೆ ಬಾವಿಯಲ್ಲಿ ಕೆಲಸಕ್ಕಿದ್ದ ಒಬ್ಬ ಅಮೆರಿಕದವನ ಹೆಸರಲ್ಲಿ. ಜೊತೆಗೆ ಎಂಜಿನ್ ಖರೀದಿಸಿದ ಒಂದು ರಶೀದಿ, ಅದರ ಮೇಲೆ ದೇರಾದ್ದೇ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯ ಮೊಹರು. ಕ್ಯಾಲಿಫೋರ್ನಿಯಾದ ಕಥೆಗೆ ಬೆಲೆ ಹೆಚ್ಚೆಂದು ಇದನ್ನೆಲ್ಲ ಅಡಗಿಸಿಟ್ಟಿದ್ದ.

ಆ ಅಂಗಡಿ ಈಗಲೂ ಇದೆ. ಕೌಂಟರಿನ ಹಿಂದೆ ನಮ್ಮ ಕಡೆಯವನೇ, ಮೂಡುಬೆಳ್ಳೆಯ ಜುವಾಕಿಂ, ಎಪ್ಪತ್ತನಾಲ್ಕರಿಂದ ಅಲ್ಲೇ ಇದ್ದಾನಂತೆ. ಕಾರಿನ ಫೋಟೋ ನೋಡಿದ ಕೂಡಲೇ ಗುರುತು ಹಿಡಿದ. ಅಮೆರಿಕದವನು ಅದನ್ನು ಹಡಗಿನಲ್ಲಿ ತರಿಸಿದ್ದು, ಇಳಿಸುವಾಗ ಏನೋ ಮೇಲೆ ಬಿದ್ದು ಮಾಡು ಜಜ್ಜಿಹೋದದ್ದು, ಇದನ್ನು ಸರಿ ಮಾಡುವುದಕ್ಕಿಂತ ಕತ್ತರಿಸಿ ಹಾಟ್ ರಾಡ್ ಮಾಡೋಣ ಎಂದು ಅವನಿಗೆ ಹೊಳೆದದ್ದು, ಬಸ್ಸು ಕಟ್ಟುವವನಿಗೆ ಈ ಆಟಿಕೆ ಯಾಕೆ ಎಂದು ನೀನು ಮೊದಲು ಬೈದದ್ದು, ಆಮೇಲೆ ಏಳು ತಿಂಗಳು ಅದರ ಮೇಲೆಯೇ ಬಿದ್ದುಕೊಂಡದ್ದು, ಎಲ್ಲ ಹೇಳಿದ. ಈ ಊರಲ್ಲಿ ದಂಬೆ ಯಾಕೆ ಎಂದು ಅವನೂ ಆಗ ಕೇಳಿದ್ದನಂತೆ. ಒಂದು ದಿನ ಇದನ್ನು ಊರಿಗೆ ಒಯ್ದರೆ ಬೇಕಾಗ್ತದೆ ಎಂದೆಯಂತೆ ನೀನು. ಕಜೆತಾನ್, ಬೇರೆಯವನ ಕಾರನ್ನು ನೀನು ಊರಿಗೆ ಹೇಗೆ ಒಯ್ಯುತ್ತಿದ್ದೆ? ಜುವಾಕಿಂ ಒಂದು ಫೋಟೋ ತೆಗೆದು ತೋರಿಸಿದ. ನೀನು ಕಾರಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದೀ. ಎಷ್ಟು ಸಪೂರ ಇದ್ದೆ ಮಾರಾಯ. ಅಂಗಿಗೆ ಮೂರನೇ ಗುಂಡಿ ಇಲ್ಲ. ಮಾಡಿಗೆ ಅಷ್ಟು ಚಂದ ಹುರಿ ಇಟ್ಟವನಿಗೆ ಒಂದು ಗುಂಡಿ ಹಾಕಿಕೊಳ್ಳಲಿಕ್ಕೆ ಆಗಲಿಲ್ಲ. ಅದನ್ನು ನೋಡಿ ನನಗೆ ಕಣ್ಣು ತುಂಬಿತು, ಎಂತ ಗ್ರಹಚಾರವೋ, ಮೊಹಮ್ಮದನ ಎದುರೇ.

ಕಜೆತಾನ್ ಈಗ ಎಲ್ಲಿದ್ದಾನೆ ಗೊತ್ತುಂಟಾ ಎಂದು ಕೇಳಿದೆ. ಜುವಾಕಿಂ ಕನ್ನಡಕ ಏರಿಸಿ ನನ್ನ ಮುಖ ನೋಡಿದ.

“ನೀವು ಅವನ ಅಕ್ಕ ಅಲ್ವಾ? ಮೂಗು ಅದೇ ಉಂಟು. ಕಜೆತಾನ್ ಅಂತ ಈಗ ಯಾರೂ ಇಲ್ಲ ಬಾಯಮ್ಮ. ಮದುವೆಗೆ ಹೆಸರು ಬದಲಿಸಿದ, ಕಾಸಿಂ ಉಸ್ತಾದ್ ಅಂತ ಕೇಳಿ, ಮದೀನತ್ ಜಾಯೆದ್‌ನಲ್ಲಿ ಯಾರಾದ್ರೂ ತೋರಿಸ್ತಾರೆ. ನೀರಿನ ಟ್ಯಾಂಕರ್ ಕಟ್ತಾನೆ. ಸೋರದ ಟ್ಯಾಂಕರ್ ಬೇಕಾದ್ರೆ ಅವನೇ.”

ಇಷ್ಟು ವರ್ಷ ಯಾಕಯ್ಯಾ ಯಾರಿಗೂ ಹೇಳಲಿಲ್ಲ ಎಂದು ನಾನು ಅವನ ಮೇಲೆ ಹರಿಹಾಯ್ದೆ. ಅವನಿಗೆ ಸಿಟ್ಟು ಬರಲಿಲ್ಲ. ಮನೆಯವರು ಬಂದು ಕೇಳಿದರೆ ಮಾತ್ರ ಹೇಳು ಎಂದು ನೀನು ಹೇಳಿಟ್ಟಿದ್ದೆಯಂತೆ. ಪ್ರತಿ ಸಲ ರಿವೆಟ್ ಒಯ್ಯಲು ಬಂದಾಗ ಯಾರಾದರೂ ಕೇಳಿದರಾ ಎಂದು ವಿಚಾರಿಸುತ್ತಿದ್ದೆಯಂತೆ. ಈಗ ಕೆಲವು ವರ್ಷದಿಂದ ಅದನ್ನೂ ಬಿಟ್ಟಿದ್ದೀ ಎಂದ. ನಾನು ಹನ್ನೆರಡು ವರ್ಷ ಅಬುಧಾಬಿಯ ಇಗರ್ಜಿಯ ಅಂಗಳದಲ್ಲಿ ಕೇಳುತ್ತಿದ್ದೆ, ನೀನು ದೇರಾದ ಅಂಗಡಿಯಲ್ಲಿ ಕೇಳುತ್ತಿದ್ದೆ. ಮದೀನತ್ ಜಾಯೆದ್ ಇಲ್ಲಿಂದ ಎರಡು ಗಂಟೆಯ ದಾರಿಯಂತೆ.

ನಿನ್ನ ಫೋನ್ ನಂಬರನ್ನೂ ಜುವಾಕಿಂ ಕೊಟ್ಟ. ಎರಡು ಸಲ ಮಾಡಿದೆ. ಮೊದಲ ಸಲ ಒಬ್ಬ ಹೆಂಗಸು ಹಲೋ ಎಂದಳು, ಮೆತ್ತಗಿನ ಸ್ವರ. ಎರಡನೇ ಸಲ ಒಬ್ಬಳು ಹುಡುಗಿ ಇಂಗ್ಲಿಷಿನಲ್ಲಿ ಯಾರು ಮಾತಾಡುವುದು ಎಂದು ಕೇಳಿದಳು. ದಲ್ಲಾಳಿಯ ಬಾಗಿಲಲ್ಲಿ ಕೂತವಳು ನಾನು, ಬಿಳಿಯನ ಎದುರು ಸೌಟು ಹಿಡಿದವಳು. ಯಾರು ಎಂದು ಆ ಮಗು ಕೇಳಿದರೆ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಿನ್ನ ಗ್ಯಾರೇಜಿನ ಪೋಸ್ಟ್ ಬಾಕ್ಸಿಗೆ ಹಾಕುತ್ತಿದ್ದೇನೆ.

ಈಗ ಮೊಹಮ್ಮದನ ಕೆಲಸ. ಸಂಘದವರಿಗೆ ಕೊಡಲು ಅವನು ಹೊಸ ಕಾಗದ ಮಾಡಿಸುತ್ತಿದ್ದಾನೆ, ಸುಳ್ಳಿಲ್ಲದ್ದು. ಅಮೆರಿಕದ ಗಾಡಿ, ದುಬೈಯ ಕೆಲಸ, ಮಂಗಳೂರಿನ ಕೈ ಎಂದು ಅದರಲ್ಲಿ ಬರೆಸಿದ್ದಾನೆ. ಈಗ ಅದೇ ದೊಡ್ಡ ಸಂಗತಿ ಎಂದು ಗೆಳೆಯರ ಹತ್ತಿರ ಕೊಚ್ಚಿಕೊಳ್ಳುತ್ತಾನೆ. ದಂಬೆಯನ್ನು ಕಿತ್ತುಹಾಕೋಣ ಎಂದು ಆ ಬಿಳಿಯವನು ಹೇಳಿದ್ದಕ್ಕೆ, ಬೇಡ, ಕಟ್ಟಿದವನೇ ಬಂದು ಹೇಳಲಿ ಎಂದಿದ್ದಾನೆ. ಮಾಡು ಬಿಚ್ಚಿದ್ದು ಬಿಚ್ಚಿದ ಹಾಗೇ ಇದೆ. ಕಾಗದದಲ್ಲಿ ಕಟ್ಟಿದವರು ಎಂಬಲ್ಲಿ ಜಾಗ ಖಾಲಿ. ಯಾವ ಹೆಸರು ಹಾಕಲಿ, ಕಜೆತಾನ್ ಎಂದಾ ಕಾಸಿಂ ಎಂದಾ ಎಂದು ನನ್ನನ್ನು ಕೇಳಿದ. ಅದು ಅವನ ಹೆಸರು, ಅವನನ್ನೇ ಕೇಳು ಎಂದೆ. ನನಗೆ ಯಾವುದಾದರೂ ಸರಿ, ಕಾಸಿಂ ಎಂದು ಕರೆದರೆ ತಿರುಗಿ ನೋಡುತ್ತೀಯಾದರೆ ಹಾಗೇ ಕರೆಯುತ್ತೇನೆ. ಈ ಎರಡಕ್ಕೂ ಉತ್ತರ ಬೇಕು, ಹೆಸರಿಗೂ ದಂಬೆಗೂ. ಜೂನ್‌ಗೆ ನನ್ನ ವೀಸಾ ಮುಗಿಯುತ್ತದೆ, ಮತ್ತೆ ಹೊಡೆಸುವುದಿಲ್ಲ, ವಯಸ್ಸಾಯಿತು. ಅಷ್ಟರೊಳಗೆ ಬರೆ.

ದೇವರು ನಿನ್ನನ್ನೂ ಖೈರುನ್ನಿಸಳನ್ನೂ ಆ ಹುಡುಗಿಯನ್ನೂ ಚೆನ್ನಾಗಿ ಇಟ್ಟಿರಲಿ. ಯಾವ ದೇವರು ಎಂದು ನೀವು ನೋಡಿಕೊಳ್ಳಿ, ನನ್ನ ಕಡೆಯದ್ದನ್ನು ನಾನು ಕೇಳಿದ್ದೇನೆ. ಹುಡುಗಿಯ ತಲೆಯ ಮೇಲೆ ನನ್ನ ಹೆಸರಿನಲ್ಲಿ ಒಮ್ಮೆ ಕೈಯಿಡು.

ಇತಿ,
ನಿನ್ನ ಅಕ್ಕ
ಲೂರ್ದ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಡ್ರೈವರ್ ಹೊರಗೆ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎಂಬತ್ತನಾಲ್ಕರ ಆ ಕಾಗದದಲ್ಲಿ, ಇನ್ನು ನಿನ್ನ ಕಾಗದ ಬಂದರೆ ಒಲೆಗೆ ಹಾಕುತ್ತೇನೆಂದು ಮಾಯ್ ಹೇಳುತ್ತಾಳೆ ಎಂದಿತ್ತಲ್ಲ, ಅದು ಮಾಯ್ ಹೇಳಿದ್ದಲ್ಲ. ನಾನು ಬರೆದದ್ದು. ಶಾಲೆ ಬಿಟ್ಟು ನಿನ್ನ ಹಿಂದೆ ಗುಂಡು ಹಿಡಿದು ನಿಂತವಳಿಗೆ ಮದುವೆಯೂ ಇಲ್ಲ, ಮನೆಯೂ ಇಲ್ಲ, ನೀನು ಅಲ್ಲಿ ನಿನ್ನಷ್ಟಕ್ಕೇ ಹೆಂಡತಿಯನ್ನು ಹುಡುಕಿಕೊಂಡೆಯಲ್ಲ ಎಂದು ಹೊಟ್ಟೆ ಉರಿಯಿತು. ಮಾಯ್‌ಗೆ ಓದಲಿಕ್ಕೆ ಬರುತ್ತಿರಲಿಲ್ಲ. ಸರಿಯಾಗಿ ಬರೆದೆಯಾ ಎಂದು ಕೇಳಿದಳು, ಬರೆದೆ ಎಂದೆ. ಅವಳು ಹೇಳಿದ್ದು ಇಷ್ಟು: “ಅವಳನ್ನು ಕರ್ಕೊಂಡು ಬಾ ಅಂತ ಬರಿ. ನಮ್ಮ ಕುಚ್ಚಲಕ್ಕಿ ಅವಳಿಗೆ ಆಗ್ತದಾ ಕೇಳು, ಆಗದಿದ್ರೆ ಬೆಳ್ತಿಗೆ ಅಕ್ಕಿ ತರಿಸಿ ಇಡುವ.” ನೀನು ಉತ್ತರ ಬರೆಯಲಿಲ್ಲ, ಆದರೂ ತರಿಸಿದಳು. ಹುಳ ಹಿಡಿದಾಗಲೆಲ್ಲ ಕೋಳಿಗಳಿಗೆ ಹಾಕಿ ಹೊಸತು ತರಿಸುತ್ತಿದ್ದಳು, ಏಳು ವರ್ಷ. ಅಂಗಡಿಗೆ ಹೋಗಿ ತರುತ್ತಿದ್ದವಳು ನಾನೇ, ಆಗಲೂ ಬಾಯಿ ಬಿಡಲಿಲ್ಲ. ಬೈಯುವುದಿದ್ದರೆ ಬಂದು ಬೈ, ಕಾಗದದಲ್ಲಿ ಬೇಡ.